ಬಲದಿಂದ ಎಡಕ್ಕೆ ಓದುವವರ ಮಾತ್ರೆ ಚೀಟಿ

ಚಳ್ಳಕೆರೆಯಲ್ಲಿ ಕಂಪ್ಯೂಟರ್ ಕೆಲಸ ಅಂದರೆ ಮೊಳಕಾಲ್ಮೂರಿನ ಜನ ಜೆರಾಕ್ಸ್ ಅಂಗಡಿ ಅಂದುಕೊಳ್ಳುತ್ತಾರೆ. ನೇಯುವ ಬೋರಣ್ಣನ ಮಗಳು ಜ್ಯೋತಿಲಕ್ಷ್ಮಿಗೂ ಆ ಮರ್ಯಾದೆ ಸಿಕ್ಕಿತ್ತು. ಶನಿವಾರ ಸಂಜೆ ಬಸ್ಸಿಳಿದು ಬೀದಿಗೆ ಕಾಲಿಟ್ಟರೆ ಯಾರಾದರೊಬ್ಬರು ಕೇಳಿಯೇ ಕೇಳುವರು, "ಏನವ್ವ, ನಿಮ್ ಆಫೀಸ್ನಾಗೆ ಪಹಣಿ ತೆಗೆದುಕೊಡ್ತಾರಾ?" ಅವಳು ನಕ್ಕು ಮುಂದೆ ಹೋಗುವಳು. ತಾಯಿ ಲಕ್ಷ್ಮಕ್ಕ ಮಾತ್ರ ನಿಂತು ಉತ್ತರ ಕೊಡುವಳು: "ನಮ್ ಹುಡುಗಿ ಫೋನ್‌ನಾಗೆ ಕಾಣ್ತಾವಲ್ಲ ಡಬ್ಬಿ, ಅವನ್ನ ಮಾಡ್ತಾಳೆ."

ಓದು ಬಾರದ ಲಕ್ಷ್ಮಕ್ಕ ಹೇಳಿದ್ದು ಅಕ್ಷರಶಃ ನಿಜ. ಫೋನಿನಲ್ಲಿ ಒಂದು ಪುಟ ತೆರೆದರೆ ಹೆಸರು ತುಂಬುವ ಖಾನೆ, ತಾರೀಕು ಆರಿಸುವ ಕ್ಯಾಲೆಂಡರ್, 'ಮುಂದೆ' ಅನ್ನುವ ಗುಂಡಿ ಕಾಣುತ್ತವಲ್ಲ, ಅವನ್ನೆಲ್ಲ ಪ್ರತಿ ಪುಟಕ್ಕೂ ಹೊಸದಾಗಿ ಮಾಡುವುದಿಲ್ಲ. ಒಮ್ಮೆ ಮಾಡಿ ಮುಚ್ಚಿಟ್ಟ ಡಬ್ಬಿಯ ಹಾಗೆ ಇಟ್ಟುಕೊಂಡಿರುತ್ತಾರೆ. ಬೇಕಾದ ಪುಟಕ್ಕೆ ತಂದು ಕೂರಿಸುತ್ತಾರೆ. ಡಬ್ಬಿಯೊಳಗಿನ ಬಣ್ಣ, ಅಳತೆ, ಅಂಚು ಇವುಗಳಿಗೆ ಹೊರಗಿನವರು ಕೈ ಹಾಕಲಾಗದು. ಮಾಡಿದವರೇ ಬಿಚ್ಚಬೇಕು, ಮಾಡಿದವರೇ ತಿದ್ದಬೇಕು. ಒಂದು ಡಬ್ಬಿ ಸರಿಯಿದ್ದರೆ ಸಾವಿರ ಪುಟದಲ್ಲಿ ಸರಿ, ತಪ್ಪಿದ್ದರೆ ಸಾವಿರ ಪುಟದಲ್ಲಿ ತಪ್ಪು.

ಈ ಡಬ್ಬಿಗಳು ತಯಾರಾಗುತ್ತಿದ್ದದ್ದು ಮುರುಗೇಂದ್ರಪ್ಪನವರ ಶೇಂಗಾ ಎಣ್ಣೆ ಮಿಲ್ಲಿನ ಮಾಳಿಗೆಯಲ್ಲಿ. ಕೆಳಗೆ ಗಾಣದ ಸದ್ದು, ಮೇಲೆ ಆರು ಹುಡುಗಿಯರು, ಆರು ಲ್ಯಾಪ್‌ಟಾಪು, ಕೂದಲಿಗೂ ದುಪಟ್ಟಾಕ್ಕೂ ಹತ್ತಿದ ಹಿಂಡಿಯ ವಾಸನೆ. ಮುರುಗೇಂದ್ರಪ್ಪನವರ ಮಗ ಮಲ್ಲಿಕ್ ಮಾಳಿಗೆಗೆ ಗಾಜಿನ ಬಾಗಿಲು ಹಾಕಿಸಿ, ಎಸಿ ಕೂರಿಸಿ, ತನ್ನನ್ನು ಡೈರೆಕ್ಟರ್ ಎಂದು ಕರೆದುಕೊಂಡಿದ್ದ. ಪಕ್ಕದ ಕುದಾಪುರದ ಬೇಲಿಯೊಳಗಿನ ದೊಡ್ಡ ವಿಜ್ಞಾನ ಸಂಸ್ಥೆಗಳ ಕೆಲಸ ಇವತ್ತಲ್ಲ ನಾಳೆ ತನಗೆ ಬರುತ್ತದೆ ಎಂದು ನಾಲ್ಕು ವರ್ಷದಿಂದ ಕಾಯುತ್ತಿದ್ದ. ಅಲ್ಲಿಯವರೆಗೆ ಬೇರೆ ಊರಿನ ಕಂಪನಿಗಳು ತಮಗೆ ಬೇಡವಾದ ಬೇಸರದ ಕೆಲಸವನ್ನು ಈ ಮಾಳಿಗೆಗೆ ತಳ್ಳುತ್ತಿದ್ದವು, ಇವನು ಹಿಡಿದುಕೊಳ್ಳುತ್ತಿದ್ದ.

ಹಾಗೆ ಬಂದ ಒಂದು ಕೆಲಸ, ಒಂದು ಖಾಸಗಿ ಆಸ್ಪತ್ರೆ ಕೂಟದ್ದು. ನಾಲ್ಕಾರು ತಾಲ್ಲೂಕುಗಳಲ್ಲಿ ಅವರ ಆಸ್ಪತ್ರೆಗಳಿದ್ದವು. ಇನ್ನು ಮೇಲೆ ಕಾಗದದ ಚೀಟಿ ಬೇಡ, ಔಷಧಿ ಚೀಟಿ ರೋಗಿಯ ಫೋನಿಗೇ ಹೋಗಬೇಕು ಎಂದು ಅವರು ತೀರ್ಮಾನಿಸಿದ್ದರು. ಕನ್ನಡ, ಇಂಗ್ಲಿಷು, ಉರ್ದು ಮೂರರಲ್ಲೂ ಬೇಕು ಎಂದಿದ್ದರು. ಉರ್ದು ಯಾಕೆ ಬೇಕಾಯಿತೆಂದರೆ, ಕರಪತ್ರದಲ್ಲಿ 'ಎಲ್ಲರ ಆಸ್ಪತ್ರೆ' ಎಂದು ಅಚ್ಚಾಗಿಹೋಗಿತ್ತು. ಆ 'ಎಲ್ಲರು' ಯಾರು, ಅವರು ಹೇಗೆ ಓದುತ್ತಾರೆ ಎಂದು ಯೋಚಿಸಿದವರು ಒಬ್ಬರೂ ಇರಲಿಲ್ಲ. ಮಾಳಿಗೆಯ ಆರು ಹುಡುಗಿಯರಲ್ಲಿ ಒಬ್ಬಳಿಗೂ ಉರ್ದು ಬರುತ್ತಿರಲಿಲ್ಲ. ಮಲ್ಲಿಕ್ ಆ ಕೆಲಸವನ್ನು ಜ್ಯೋತಿಲಕ್ಷ್ಮಿಯ ಮುಂದಿಟ್ಟು, "ಅದೇನೋ ಉಲ್ಟಾ ಬರೀತಾರಲ್ಲಮ್ಮ, ಎಡದ್ದು ಬಲಕ್ಕೆ ಹಾಕು, ಬಲದ್ದು ಎಡಕ್ಕೆ ಹಾಕು, ಮುಗೀತು" ಎಂದ.

ಅಷ್ಟಕ್ಕೇ ಮುಗಿಯುವುದಿಲ್ಲ ಎಂದು ಅವಳು ತಾನಾಗಿಯೇ ಕಲಿತಳು. ಹೇಳಿಕೊಡುವವರಿಲ್ಲ, ಫೋನಿನಲ್ಲಿ ಹುಡುಕಿ, ಅರ್ಧ ತಿಳಿದು, ತಪ್ಪಿ, ಮತ್ತೆ ಓದಿ ಕಲಿತಳು. ಹಳೆಯ ಡಬ್ಬಿಗಳಲ್ಲೆಲ್ಲ 'ಎಡಕ್ಕೆ ಇಷ್ಟು ಜಾಗ ಬಿಡು', 'ಬಲಕ್ಕೆ ಅಂಟಿಸು' ಎಂದು ಬರೆದಿತ್ತು. ಉರ್ದು ಬಂದರೆ ಅದೇ ಎಡ, ಅದೇ ಬಲ ಅಡ್ಡ ಬರುತ್ತದೆ. ಎಡ ಬಲ ಅನ್ನುವ ಮಾತನ್ನೇ ಕಿತ್ತುಹಾಕಬೇಕು. 'ಸಾಲು ಶುರುವಾಗುವ ಕಡೆ', 'ಸಾಲು ಮುಗಿಯುವ ಕಡೆ' ಎಂದು ಬರೆಯಬೇಕು. ಆಗ ಕನ್ನಡಕ್ಕೆ ಶುರು ಎಡದಿಂದ, ಉರ್ದುವಿಗೆ ಬಲದಿಂದ, ಡಬ್ಬಿ ತಾನೇ ತಿಳಿದುಕೊಂಡು ತಿರುಗಿ ಕೂರುತ್ತದೆ.

ಇದು ಅವಳಿಗೆ ಹೊಸದೆನಿಸಲಿಲ್ಲ. ಅಪ್ಪ ಕೂಲಿಗೆ ನೇಯುತ್ತಿದ್ದ ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ, ನೇಯುವವನಿಗೆ ಕಾಣುವುದು ಅದರ ಬೆನ್ನು. ಅವನ ಎಡ, ಉಡುವವಳ ಎಡವಲ್ಲ. ಅದಕ್ಕೇ ಬೋರಣ್ಣನ ಬಾಯಲ್ಲಿ ಎಡ ಬಲ ಅನ್ನುವ ಮಾತೇ ಬಾರದು. 'ಗೋಡೆ ಕಡೆ ಅಂಚು', 'ಬಾಗಿಲ ಕಡೆ ಅಂಚು' ಅನ್ನುವನು. ಮುಖ ಹೇಗೆ ಬಂದಿದೆ ಎಂದು ನೋಡಲು ಮಗ್ಗದ ಕೆಳಗೆ ಒಂದು ಕೈಗನ್ನಡಿ ಹಿಡಿಯುವನು. ಕನ್ನಡಿಯಲ್ಲಿ ನವಿಲು ಸರಿಯಿದ್ದರೆ ಸೀರೆ ಸರಿ. ಚಿಕ್ಕವಳಿದ್ದಾಗ ಆ ಕನ್ನಡಿ ಹಿಡಿಯುವ ಕೆಲಸ ಇವಳದೇ.

ಮೂರು ವಾರ ಕೂತು ನಲವತ್ತೆಂಟು ಡಬ್ಬಿಗಳನ್ನು ಬಿಚ್ಚಿ ಹೊಲಿದಳು. ಕ್ಯಾಲೆಂಡರ್ ತಿರುಗಿತು, ಬಾಣದ ಗುರುತು ತಿರುಗಿತು, ಫೋನ್ ನಂಬರು ಮಾತ್ರ ತಿರುಗದೆ ನೆಟ್ಟಗೆ ನಿಂತಿತು. ಉರ್ದುವಿನಲ್ಲಿ ಅಕ್ಷರ ಬಲದಿಂದ ಎಡಕ್ಕೆ ಓಡಿದರೂ ಅಂಕಿ ಎಡದಿಂದ ಬಲಕ್ಕೇ ಓಡುತ್ತದೆ. ಆ ವಿಷಯವನ್ನು ಫೋನೇ ನೋಡಿಕೊಳ್ಳುತ್ತದೆ ಎಂದು ಅವಳು ಓದಿಕೊಂಡಿದ್ದಳು. ಒಂದೇ ಸಾಲಿನಲ್ಲಿ ಕೂಡಿಕೊಂಡಿರುವ ಅಂಕಿಗೆ ಅದು ನಿಜ.

ಕೊನೆಗೆ ಉಳಿದದ್ದು ಮಾತ್ರೆಯ ಪಟ್ಟಿ. ವೈದ್ಯರು 1-0-0 ಎಂದು ಬರೆದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ. ಈ ದೇಶದಲ್ಲಿ ಮಾತ್ರೆ ನುಂಗುವ ಪ್ರತಿಯೊಬ್ಬರಿಗೂ ಗೊತ್ತಿರುವ ಲಿಪಿ ಅದು. ಜ್ಯೋತಿಲಕ್ಷ್ಮಿ ಅದಕ್ಕೆ ಮೂರು ಸಣ್ಣ ಚೌಕ ಮಾಡಿದ್ದಳು, ಮೂಲೆ ದುಂಡಗೆ, ತೆಳು ಹಸಿರು. ಮೇಲೆ 'ಬೆಳಿಗ್ಗೆ', 'ಮಧ್ಯಾಹ್ನ', 'ರಾತ್ರಿ' ಎಂದು ಬರೆದಿದ್ದಳು. ಕೆಲಸ ಕೊಟ್ಟ ಕಂಪನಿಯವರು ಜಾಗ ಸಾಲದೆಂದು ಆ ಮೂರು ಮಾತನ್ನು ತೆಗೆಸಿದರು. ಬರಿಯ ಮೂರು ಚೌಕ ಉಳಿದವು.

"ಸರ್, ಉರ್ದು ಓದೋರು ಯಾರಾದ್ರೂ ಒಂದ್ಸಲ ನೋಡಿದ್ರೆ ಚೆನ್ನಾಗಿರ್ತಿತ್ತು" ಎಂದಳು.

"ಒಂದು ಪುಟಕ್ಕೋಸ್ಕರ ಮೌಲ್ವಿ ಸಾಹೇಬ್ರನ್ನ ಮಿಲ್ಲಿನ ಮೆಟ್ಟಿಲು ಹತ್ತಿಸ್ಲಾ?" ಎಂದ ಮಲ್ಲಿಕ್. "ನಮ್ಮಪ್ಪ ನೋಡಿದ್ರೆ ಏನಂತಾರೆ? ನೀನೇ ನೋಡಮ್ಮ, ನಿನಗೆ ಕಣ್ಣು ಚುರುಕೈತೆ. ಮತ್ತೆ ಹೊರಗಡೆ ಯಾರಿಗೂ ತೋರಿಸ್ಬೇಡ, ತೋರಿಸಲ್ಲ ಅಂತ ಸಹಿ ಹಾಕಿಕೊಟ್ಟಿದೀವಿ."

ಅವಳೇ ನೋಡಿದಳು. ಬ್ಯಾಗಿನಿಂದ ಕೈಗನ್ನಡಿ ತೆಗೆದಳು. ಕನ್ನಡದ ಪುಟವನ್ನು ಕನ್ನಡಿಯಲ್ಲಿ ಹಿಡಿದು, ಪಕ್ಕದ ಲ್ಯಾಪ್‌ಟಾಪಿನ ಉರ್ದು ಪುಟಕ್ಕೆ ಹೋಲಿಸಿದಳು. ಗುಂಡಿಗೆ ಗುಂಡಿ, ಅಂಚಿಗೆ ಅಂಚು ತಾಳೆ ಬಿತ್ತು. ಕನ್ನಡದಲ್ಲಿ 1-0-0. ಕನ್ನಡಿಯಲ್ಲಿ 0-0-1. ಉರ್ದುವಿನಲ್ಲೂ 0-0-1. ಸರಿಯಾಗಿದೆ ಎಂದು ಗುರುತು ಹಾಕಿದಳು. ಮಗ್ಗದ ಮನೆಯಲ್ಲಿ ಹುಟ್ಟಿದವಳು ಮಾತ್ರ ಮಾಡಬಹುದಾದ ತಪ್ಪು ಅದು. ಕೂಡಿಕೊಂಡ ಅಂಕಿ ತಿರುಗುವುದಿಲ್ಲ, ಬಿಡಿಬಿಡಿ ಚೌಕ ತಿರುಗುತ್ತದೆ. ಉರ್ದು ಓದುವವರು ಅಕ್ಷರವನ್ನು ಬಲದಿಂದ ಓದಿ, ಅಂಕಿಗೆ ಬಂದ ಕೂಡಲೇ ಎಲ್ಲರ ಹಾಗೆ ಎಡದಿಂದ ಓದುತ್ತಾರೆ. ಬೆಳಗಿನ ಮಾತ್ರೆ ರಾತ್ರಿಗೆ ಹೋಗಿ ಕೂತಿತ್ತು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು, ಅವಳ ಪರವಾಗಿ ಮುಚ್ಚಿಡಬಾರದು. ಉರ್ದು ಓದುವವರನ್ನು ಹುಡುಕಲು ಅವಳು ಎಲ್ಲಿಗೂ ಹೋಗಬೇಕಿರಲಿಲ್ಲ. ಅವಳು ಬಾಡಿಗೆಗಿದ್ದ ಕೋಣೆ ಹುಸೇನ್‌ಬಿಯ ಮನೆಯ ಹಿತ್ತಿಲಿನದು. ಹುಸೇನ್‌ಬಿ ಅರವತ್ತಮೂರರ ಹೆಂಗಸು, ಉರ್ದು ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಹಗಲು ರವಿಕೆ ಹೊಲಿಯುವಳು, ಸಂಜೆ ಓಣಿಯ ಹೆಂಗಸರಿಗೆ, ಹುಡುಗಿಯರಿಗೆ ಉರ್ದು ಅಕ್ಷರ ತಿದ್ದಿಸುವಳು. ಗೋಡೆಯಾಚೆಯಿಂದ ಆ ಪಾಠ ದಿನಾ ಕೇಳುತ್ತಿತ್ತು. ಆದರೆ ಹೊಲಿಗೆ ಮಿಷನ್ನಿನ ಮುದುಕಿಗೆ ಇಂಥ ಕೆಲಸ ಏನು ತಿಳಿದೀತು ಎಂದು ಜ್ಯೋತಿಲಕ್ಷ್ಮಿಗೆ ಅನ್ನಿಸಿತ್ತು. ಮಲ್ಲಿಕ್ ತನ್ನನ್ನು ನೋಡುವ ಕಣ್ಣಿನಲ್ಲೇ ಅವಳು ಹುಸೇನ್‌ಬಿಯನ್ನು ನೋಡಿದ್ದಳು.

ಚೀಟಿ ಫೋನಿಗೆ ಬರಲು ಶುರುವಾಗಿ ಎರಡು ತಿಂಗಳಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಮೊಳಕಾಲ್ಮೂರಿಗೆ ಫೋನು ಬಂತು. ಹುಸೇನ್‌ಬಿ ಬೆಳಗಿನ ಜಾವ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದಳು. ಮೈಯೆಲ್ಲ ಬೆವೆತು, ಕೂಗಿದರೆ ಕಣ್ಣು ಬಿಡುತ್ತಿರಲಿಲ್ಲ. ಮಗ ಸೊಸೆ ಬಾಯಿಗೆ ಸಕ್ಕರೆ ಹಾಕಿ ಅದೇ ಕೂಟದ ಆಸ್ಪತ್ರೆಗೆ ಒಯ್ದಿದ್ದರು. ಸಕ್ಕರೆ ಕಾಯಿಲೆಯವಳು, ರಕ್ತದಲ್ಲಿ ಸಕ್ಕರೆ ಪೂರಾ ಇಳಿದುಹೋಗಿತ್ತು. ಜೀವ ಉಳಿಯಿತು, ಬಲಗೈಯ ಮಣಿಕಟ್ಟು ಎರಡು ಕಡೆ ಮುರಿದಿತ್ತು.

ಜ್ಯೋತಿಲಕ್ಷ್ಮಿ ಸಿಕ್ಕ ಬಸ್ಸು ಹತ್ತಿ ಬಂದಾಗ ವಾರ್ಡಿನಲ್ಲಿ ಮಗ ದಾದಾಪೀರ್ ತಾಯಿಯ ಮೇಲೆ ರೇಗುತ್ತಿದ್ದ.

"ಸಕ್ಕರೆ ಮಾತ್ರೆ ರಾತ್ರಿ ತಗೊಂಡು ಮಲಗಿದಾಳೆ, ಅದೂ ಅರ್ಧ ರೊಟ್ಟಿ ತಿಂದು! ಡಾಕ್ಟ್ರು ಕೇಳ್ತಾರೆ, ಬೆಳಿಗ್ಗೆ ತಿಂಡಿಗೆ ಮುಂಚೆ ಅಂತ ಬರೆದಿಲ್ವಾ ಅಂತ. ನಾನೇನ್ ಹೇಳ್ಲಿ? ನಮ್ಮಮ್ಮಂಗೆ ಓದಾಕ್ ಬರಲ್ಲ ಅಂತ ಹೇಳ್ಲಾ?"

"ನಾನು ನೋಡೇ ತಗೊಂಡೆ ಬೇಟಾ" ಎಂದಳು ಹುಸೇನ್‌ಬಿ. ಪಟ್ಟಿ ಕಟ್ಟಿದ ಕೈ ಎದೆಯ ಮೇಲಿತ್ತು. "ಅದರಾಗೆ ರಾತ್ರಿ ಅಂತಾನೇ ಇತ್ತು."

"ಏನ್ ನೋಡಿದ್ಯೋ ನೀನು. ಇವತ್ತಿಂದ ಫೋನ್ ನನ್ ಹತ್ರ ಇರ್ಲಿ. ಮಾತ್ರೆ ನನ್ ಹೆಂಡ್ತಿ ಕೊಡ್ತಾಳೆ."

ನಲವತ್ತು ವರ್ಷ ಓಣಿಗೆ ಅಕ್ಷರ ಹೇಳಿಕೊಟ್ಟ ಹುಸೇನ್‌ಬಿ, ತನಗೇ ಓದಲು ಬರುವುದಿಲ್ಲವೇನೋ ಎಂಬಂತೆ ಚಾವಣಿ ನೋಡುತ್ತ ಮಲಗಿದಳು.

ಜ್ಯೋತಿಲಕ್ಷ್ಮಿ ಫೋನು ಕೇಳಿ ತೆಗೆದುಕೊಂಡಳು. ಚೀಟಿ ತೆರೆಯಿತು. ತೆಳು ಹಸಿರು, ದುಂಡು ಮೂಲೆ, ಮೂರು ಚೌಕ. 0-0-1. ಔಷಧಿ ಅಂಗಡಿಯವನು ಮೊದಲಿನ ಹಾಗೆ ಮಾತ್ರೆಯ ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟಿರಲಿಲ್ಲ. ಎಲ್ಲ ಫೋನಿನಲ್ಲಿದೆ, ನೋಡಿಕೊಳ್ಳಿ ಎಂದು ಕಳಿಸಿದ್ದ. ಹೇಳಬೇಕೆಂದುಕೊಂಡಳು. ದಾದಾಪೀರನ ಮುಖ ನೋಡಿ ಹೇಳಲಿಲ್ಲ. "ಖಾಲಾ, ನಾಳೆ ಬರ್ತೀನಿ" ಎಂದು ಎದ್ದಳು.

ಸೋಮವಾರ ಮಲ್ಲಿಕ್ ಬರುವ ಮೊದಲೇ ಗಾಜಿನ ಬಾಗಿಲಲ್ಲಿ ನಿಂತಿದ್ದಳು.

"ಸರ್, ಮಾತ್ರೆ ಪಟ್ಟಿ ಉರ್ದುನಾಗೆ ಉಲ್ಟಾ ಐತೆ."

"ಉರ್ದು ಉಲ್ಟಾನೇ ಇರ್ಬೇಕಲ್ಲಮ್ಮ?"

"ಅಕ್ಷರ ಸರ್. ಅಂಕಿ ಅಲ್ಲ. ಬೆಳಿಗ್ಗೆ ಮಾತ್ರೆನ ಜನ ರಾತ್ರಿ ನುಂಗ್ತಾವ್ರೆ. ನಮ್ ಮನೆ ಓನರಮ್ಮ ಬಿದ್ದು ಕೈ ಮುರ್ಕೊಂಡೈತೆ."

ಮಲ್ಲಿಕನ ಮುಖದ ಬಣ್ಣ ಬದಲಾಯಿತು, ಒಪ್ಪಿಕೊಳ್ಳೋಣ. ಕೆಟ್ಟ ಮನುಷ್ಯನೇನೂ ಅಲ್ಲ. ಇಂಥ ಜಾಗದಲ್ಲಿ ಕೆಟ್ಟ ಮನುಷ್ಯರು ಕೂತಿರುವುದೇ ಇಲ್ಲ, ಅದೇ ಕಷ್ಟ. ಗಾಜಿನ ಬಾಗಿಲು ಮುಚ್ಚಿ ಬಂದ.

"ಸರಿ ಮಾಡಾಕೆ ಎಷ್ಟು ದಿನ ಬೇಕು?"

"ಒಂದು ಸಾಲು ಸರ್. ಈ ಮೂರು ಚೌಕ ಯಾವ ಭಾಷೆ ಪುಟದಾಗೆ ಕೂತ್ರೂ ಎಡದಿಂದ ಬಲಕ್ಕೇ ಇರ್ಬೇಕು ಅಂತ ಒಳಗೆ ಒಂದು ಸಾಲು."

"ಹಾಕು ಮತ್ತೆ! ಅದಕ್ಯಾಕೆ ಅಳ್ತೀಯಾ? ಈಗ್ಲೇ ಹಾಕು."

ಹಾಕಿದಳು. ಹನ್ನೊಂದು ಗಂಟೆಯೊಳಗೆ ನಾಲ್ಕಾರು ತಾಲ್ಲೂಕಿನ ಫೋನುಗಳಲ್ಲಿ ಮೂರು ಚೌಕ ನೆಟ್ಟಗಾದವು. ತಿದ್ದಿದ ಡಬ್ಬಿಯ ಜೊತೆಗೆ, ಏನು ತಪ್ಪಿತ್ತು, ಏನು ತಿದ್ದಿದೆ ಎಂದು ನಾಲ್ಕು ಸಾಲು ಬರೆದು ಕಂಪನಿಗೆ ಕಳಿಸುವ ರೂಢಿ. ಅವಳು ಬರೆದಳು: ಉರ್ದು ಪುಟದಲ್ಲಿ ಮಾತ್ರೆಯ ಹೊತ್ತು ತಿರುಗಿ ಕಾಣುತ್ತಿತ್ತು, ಎರಡು ತಿಂಗಳಿಂದ ಹೀಗಿದೆ, ಈ ಚೀಟಿ ನೋಡಿದವರಿಗೆಲ್ಲ ಕೂಡಲೇ ತಿಳಿಸಬೇಕು. ಮಲ್ಲಿಕ್ ಹಿಂದೆ ನಿಂತು ಓದಿದ. ಬಗ್ಗಿ, ಅವಳ ಕೈ ಸರಿಸಿ, ನಾಲ್ಕೂ ಸಾಲು ಅಳಿಸಿದ. 'ಸಣ್ಣಪುಟ್ಟ ಸುಧಾರಣೆ' ಎಂದು ಒತ್ತಿ ಕಳಿಸಿಬಿಟ್ಟ.

"ಸರ್, ಜನಕ್ಕೆ ಹೇಳ್ಬೇಕಲ್ಲ."

"ಸರಿಯಾಯ್ತಲ್ಲ, ಇನ್ನೇನ್ ಹೇಳೋದು?"

"ಉರ್ದು ಚೀಟಿ ತೆಗೆದು ನೋಡಿದೋರು ಇನ್ನೂರ ಹನ್ನೆರಡು ಜನ. ಲೆಕ್ಕ ಇಲ್ಲೇ ಕಾಣ್ತೈತೆ. ಅವರು ದಿನಾ ಚೀಟಿ ನೋಡ್ಕೊಂಡು ನುಂಗ್ತಾರಾ? ಒಂದ್ಸಲ ನೋಡಿ ರೂಢಿ ಮಾಡ್ಕೊಂಡಿರ್ತಾರೆ."

"ನೋಡಮ್ಮ ಜ್ಯೋತಿ. ಹೇಳಿದ್ರೆ ಒಪ್ಕೊಂಡಂಗೆ. ಒಪ್ಕೊಂಡ್ರೆ ಈ ಮಾಳಿಗೆ ಮುಚ್ಚಿದಂಗೆ. ಆರು ಜನ ಹೆಣ್ಣುಮಕ್ಕಳು ಎಲ್ಲಿಗೆ ಹೋಗ್ತೀರಾ? ಶೇಂಗಾ ಸುಲಿಯಾಕೆ ಕೆಳಗೆ ಇಳೀತೀರಾ?" ಸ್ವಲ್ಪ ತಡೆದು, ಮೆತ್ತಗೆ ಹೇಳಿದ, "ಅದೂ ಅಲ್ದೆ, ಕನ್ನಡಿ ಹಿಡಿದು ಸರಿ ಅಂತ ಗುರುತು ಹಾಕಿದ್ದು ಯಾರು?"

ಉತ್ತರವಿಲ್ಲದ ಪ್ರಶ್ನೆಯನ್ನೇ ಆರಿಸಿ ಕೇಳುವುದನ್ನು ಮಾಲೀಕರ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಆ ವಾರ ಊರಿಗೆ ಹೋದಾಗ ಅಪ್ಪನ ಮುಂದೆ ಹೇಳಿದಳು. ಬೋರಣ್ಣ ಬೀಡಿ ಆರಿಸಿ ಕೇಳಿದ. ಅವನಿಗೆ ಅರ್ಥವಾಗದ ಭಾಗ ಯಾವುದೂ ಇರಲಿಲ್ಲ. ಅವನೂ ನೇಯುವಾಗ ಎಳೆ ತಪ್ಪಿದರೆ, ಬಿಚ್ಚಲಾಗದಷ್ಟು ಮುಂದೆ ಹೋಗಿದ್ದರೆ, ಆ ಜಾಗದ ಅಂಚಿಗೆ ಒಂದು ಕೆಂಪು ನೂಲು ಕಟ್ಟುತ್ತಿದ್ದ. ಕೊಳ್ಳುವವರಿಗೆ ಗೊತ್ತಾಗಲಿ ಎಂದು. ಮಗ್ಗದ ಮಾಲೀಕ ಸೀರೆ ಮಡಿಸುವಾಗ ಮೊದಲು ಆ ನೂಲನ್ನು ಹರಿದು ಬಿಸಾಡುತ್ತಿದ್ದ.

"ಏನಂತಿದ್ದೆ ಅಪ್ಪ ನೀನು ಅವರಿಗೆ?"

"ಏನಂತೀನಿ. ಕಟ್ಟೋದು ನನ್ ಕೆಲ್ಸ, ಕೀಳೋದು ಅವರ ಕೆಲ್ಸ ಅಂತ ಸುಮ್ಕಾಗ್ತಿದ್ದೆ" ಎಂದ ಬೋರಣ್ಣ. ಆಮೇಲೆ, "ಸೀರೆ ಉಟ್ಕೊಂಡು ಯಾರೂ ಸಾಯಲ್ಲ ಕಣವ್ವ" ಎಂದ.

ಸೋಮವಾರ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಯ ಕೌಂಟರಿಗೆ ಹೋದಳು. ಕೌಂಟರಿನ ಗೀತಮ್ಮ ಒಳ್ಳೆಯ ಹೆಂಗಸು, ಸಾಲು ಬಿಟ್ಟು ಅವಳ ಮಾತು ಕೇಳಿದಳು. ತನ್ನ ಕಂಪ್ಯೂಟರಿನಲ್ಲಿ ಹುಸೇನ್‌ಬಿಯ ಚೀಟಿ ತೆಗೆದಳು, ಉರ್ದುವಿಗೆ ಬದಲಿಸಿದಳು.

"ಸರಿ ಐತಲ್ಲ ರೀ. ಒಂದು, ಸೊನ್ನೆ, ಸೊನ್ನೆ. ಬೆಳಿಗ್ಗೇನೇ ಐತೆ."

"ಈಗ ಸರಿ ಐತೆ ಮೇಡಂ. ಹೋದ ವಾರ ಸೋಮವಾರದ ತನಕ ತಪ್ಪಿತ್ತು."

"ತಪ್ಪಿತ್ತು ಅನ್ನಾಕೆ ಏನೈತೆ ನಿಮ್ ಹತ್ರ? ಫೋಟೋ ಐತಾ?"

ಇರಲಿಲ್ಲ. ವಾರ್ಡಿನಲ್ಲಿ ಆ ಗಳಿಗೆಯಲ್ಲಿ ಫೋಟೋ ತೆಗೆಯುವ ಬುದ್ಧಿ ಎಲ್ಲಿಂದ ಬರಬೇಕು? ತಪ್ಪನ್ನು ತಿದ್ದಿದ ಆ ಒಂದು ಸಾಲು ತಪ್ಪಿನ ಗುರುತನ್ನೂ ಅಳಿಸಿಹಾಕಿತ್ತು. ಗೀತಮ್ಮ ಮೇಲಿನವರಿಗೆ ಫೋನು ಮಾಡಿ, ಹೂಂ ಹೂಂ ಎಂದು, ಇಟ್ಟಳು. "ಸಣ್ಣಪುಟ್ಟ ಸುಧಾರಣೆ ಆಗೈತಂತೆ ಅಷ್ಟೇ. ಹಂಗೇನೂ ದೂರು ಬಂದಿಲ್ಲಂತೆ" ಎಂದಳು. ದೂರು ಎಲ್ಲಿಂದ ಬಂದೀತು? ಮಾತ್ರೆ ತಪ್ಪಿ ನುಂಗಿದವರೆಲ್ಲ ತಮಗೇ ಓದಲು ಬಾರದೆಂದುಕೊಂಡು ಮನೆಯವರ ಬೈಗುಳ ತಿನ್ನುತ್ತ ಕೂತಿರುತ್ತಾರೆ. ಈ ನಾಡಿನಲ್ಲಿ ಯಂತ್ರ ತಪ್ಪಿದರೂ ಬಡವರು ಮೊದಲು ಅನುಮಾನ ಪಡುವುದು ತಮ್ಮ ಕಣ್ಣಿನ ಮೇಲೆ.

ನಾಳೆ ಬರ್ತೀನಿ ಎಂದವಳು ಎಂಟು ದಿನ ಹುಸೇನ್‌ಬಿಯ ಕಡೆ ಸುಳಿದಿರಲಿಲ್ಲ; ಅಂದೇ ಸಂಜೆ ಗೋಡೆ ಸುತ್ತಿ ಮುಂಬಾಗಿಲಿಗೆ ಹೋದಳು. ಹುಸೇನ್‌ಬಿ ಮಂಚದ ಮೇಲೆ ಕೂತಿದ್ದಳು. ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿತ್ತು.

"ಖಾಲಾ, ನೀವು ಓದಿದ್ದು ಸರಿಯಾಗೇ ಇತ್ತು. ಬರೆದಿದ್ದು ತಪ್ಪಿತ್ತು. ಬರೆದಿದ್ದು ನಾನು."

ಹೇಗಾಯಿತೆಂದು ಎಲ್ಲ ಹೇಳಿದಳು. ಹುಸೇನ್‌ಬಿ ಅಡ್ಡ ಮಾತಾಡದೆ ಕೇಳಿದಳು.

"ಈ ಗೋಡೆ ಆಚೆ ಇದ್ಕೊಂಡು ಮಾಡ್ದೆಯಾ ಇದನ್ನ?"

"ಹೂಂ."

"ಒಂದ್ಸಲ ಕರೀಲಿಲ್ವಲ್ಲೇ. ಖಾಲಾ ಇದನ್ನ ಓದು ಅಂತ ಒಂದ್ಸಲ. ನಿಂಗೆ ನನ್ ಕೈ ಚಟ್ನಿ ಬೇಕು, ನನ್ ಓದು ಬೇಡ."

ಜ್ಯೋತಿಲಕ್ಷ್ಮಿ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

"ಅಳಬೇಡ. ಅತ್ತು ನನ್ ಹತ್ರ ಮಾಫಿ ತಗೊಂಡು ಹೋಗ್ಬೇಡ, ನಾನು ಕೊಡಲ್ಲ. ಎಂಟು ದಿನ ಆಯ್ತು ನನ್ ಸೊಸೆ ನನಗೆ ಮಗೀಗೆ ಕೊಟ್ಟಂಗೆ ಮಾತ್ರೆ ಕೊಡ್ತಾವ್ಳೆ. ಓಣಿ ಹೆಂಗಸರು ಪಾಠಕ್ಕೆ ಬರೋದು ಬಿಟ್ರು. ಓದಾಕ್ ಬರ್ದೇ ಇರೋಳು ಏನ್ ಹೇಳ್ಕೊಡ್ತಾಳೆ ಅಂತ. ಕರಿ ನನ್ ಮಗನ್ನ. ಅವನ ಮುಂದೆ ಹೇಳು, ಗಟ್ಟಿಯಾಗಿ ಹೇಳು."

ಹೇಳಿದಳು. ದಾದಾಪೀರ್ ತಾಯಿಯ ಕಡೆ ನೋಡಲಾರದೆ ಮೊದಲು ಅವಳ ಮೇಲೆ ಕೂಗಾಡಿದ. ಮರುದಿನ ನಾಲ್ಕು ಜನರನ್ನು ಕಟ್ಟಿಕೊಂಡು ಎಣ್ಣೆ ಮಿಲ್ಲಿಗೆ ಹೋದ. ಮುರುಗೇಂದ್ರಪ್ಪನವರೇ ಕೆಳಗಿಳಿದು ಬಂದರು. ಕುರ್ಚಿ ಹಾಕಿಸಿದರು, ಚಹಾ ತರಿಸಿದರು.

"ಹೌದಪ್ಪ, ಒಂದು ಹುಡುಗಿ ತಪ್ಪು ಮಾಡೈತೆ. ನೇಯೋರ ಮನೆ ಹುಡುಗಿ, ಏನೋ ಕಲಿತೈತೆ ಅಂತ ನಾವು ಕರುಣೆ ತೋರ್ಸಿ ಇಟ್ಕೊಂಡಿದ್ವಿ. ಇವತ್ತಿಂದ ಕೆಲಸದಿಂದ ತೆಗೆದೀವಿ. ಇನ್ನೇನ್ ಮಾಡ್ಬೇಕು ಹೇಳು, ಮಾಡಾನ."

ಇನ್ನೇನು ಮಾಡಬೇಕೆಂದು ಕೇಳಲು ದಾದಾಪೀರನಿಗೆ ಗೊತ್ತಾಗಲಿಲ್ಲ. ಚಹಾ ಕುಡಿದು ಬಂದರು. ತಪ್ಪು ಮಾಡಿದ ಹುಡುಗಿಯ ಹೆಸರು ಪೇಟೆಯಲ್ಲಿ ಓಡಾಡಿತು. ಬರೆದ ಮೂರು ಮಾತನ್ನು ತೆಗೆಸಿದವರ ಹೆಸರಿಲ್ಲ, ಓದುವವರನ್ನು ಕರೆಸಬೇಡವೆಂದವರ ಹೆಸರಿಲ್ಲ, ನಾಲ್ಕು ಸಾಲು ಅಳಿಸಿದ ಬೆರಳಿನ ಹೆಸರಿಲ್ಲ. ಮಾಳಿಗೆಯ ಉಳಿದ ಐವರು ಹುಡುಗಿಯರು ಅವಳ ಫೋನು ಎತ್ತುವುದನ್ನು ಬಿಟ್ಟರು. ಅವರನ್ನು ಬೈಯಲು ಅವಳಿಗೆ ಮನಸ್ಸಾಗಲಿಲ್ಲ.

ಕೋಣೆ ಖಾಲಿ ಮಾಡಲು ಬಟ್ಟೆ ಮಡಿಸುತ್ತಿದ್ದಾಗ ಹುಸೇನ್‌ಬಿ ಹಿತ್ತಿಲ ಬಾಗಿಲಿಗೆ ಬಂದಳು. ಎಡಗೈಯಲ್ಲಿ ಅಂಕುಡೊಂಕಾಗಿ ಬರೆದ ಒಂದು ಹಾಳೆ ಇತ್ತು.

"ನನ್ ಹತ್ರ ಕಲಿತೋರು. ಇದರಾಗೆ ಹದಿನೇಳು ಹೆಂಗಸರು ಆ ಆಸ್ಪತ್ರೆಗೇ ಹೋಗ್ತಾರೆ, ಫೋನ್ ಉರ್ದುನಾಗೇ ಇಟ್ಕೊಂಡವ್ರೆ. ನಿನಗೆ ಓದಾಕ್ ಬರಲ್ಲ, ನಾನು ಹೆಸರು ಹೇಳ್ತೀನಿ, ಕನ್ನಡದಾಗೆ ಬರ್ಕೋ. ಹೋಗಿ ಹೇಳಿ ಬಾ. ಆಮೇಲೆ ಊರಿಗೆ ಹೋಗ್ತೀಯೋ ಎಲ್ಲಿಗೆ ಹೋಗ್ತೀಯೋ ಹೋಗು."

ಇನ್ನೂರ ಹನ್ನೆರಡರಲ್ಲಿ ಹದಿನೇಳು. ಉಳಿದವರು ಯಾವ ತಾಲ್ಲೂಕಿನ ಯಾವ ಓಣಿಯಲ್ಲಿದ್ದಾರೆ ಎಂಬುದು ಆಸ್ಪತ್ರೆಗೆ ಮಾತ್ರ ಗೊತ್ತು. ಆಸ್ಪತ್ರೆಯ ಪ್ರಕಾರ ಏನೂ ಆಗಿಯೇ ಇಲ್ಲ.

ಮೊದಲ ಮನೆಯಲ್ಲಿ ಬೀಗ. ಎರಡನೆಯ ಮನೆಯಲ್ಲಿ ಗಂಡಸೊಬ್ಬ ಬಾಗಿಲಲ್ಲೇ ನಿಲ್ಲಿಸಿ, "ಯಾವ ಮಾತ್ರೆ ಕಂಪನಿಯೋಳಮ್ಮ ನೀನು? ನಮಗೇನೂ ಬ್ಯಾಡ" ಎಂದು ಕಳಿಸಿದ. ಮೂರನೆಯದು ಬಸ್ ನಿಲ್ದಾಣದ ಹಿಂದಿನ ಓಣಿ. ನಡುವಯಸ್ಸಿನ ಹೆಂಗಸು, ಹೆಸರು ಮಮ್ತಾಜ್‌ಬಿ, ಹುಸೇನ್‌ಬಿ ಬರೆಸಿದಂತೆ ಸಕ್ಕರೆ ಕಾಯಿಲೆಯವಳು, ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಹುಸೇನ್‌ಬಿಯ ಹೆಸರು ಹೇಳಿದ್ದಕ್ಕೆ ಕೂರಲು ಹೇಳಿದಳು.

"ಅಕ್ಕ, ಸಕ್ಕರೆ ಮಾತ್ರೆ ಯಾವಾಗ ತಗೊಳ್ತೀರಾ?"

"ಎರಡು ಹೊತ್ತು."

"ಚೀಟಿನಾಗೆ ಎರಡು ಹೊತ್ತು ಐತಾ?"

"ಮೊದ್ಲು ರಾತ್ರಿ ಅಂತ ಇತ್ತು. ಆಮೇಲೆ ಒಂದಿನ ನೋಡ್ತೀನಿ, ಬೆಳಿಗ್ಗೆ ಅಂತ ಐತೆ. ಡಾಕ್ಟ್ರು ಒಂದು ಜಾಸ್ತಿ ಮಾಡವ್ರೆ ಅಂದ್ಕೊಂಡೆ. ರಾತ್ರಿದು ಬಿಡು ಅಂತ ಯಾರೂ ಹೇಳ್ಲಿಲ್ವಲ್ಲ. ಎರಡೂ ತಗೊಳ್ತೀನಿ. ಯಾಕೋ ಈಗೀಗ ಕೈ ನಡುಗ್ತೈತೆ, ಸಾಯಂಕಾಲಕ್ಕೆ ಕಣ್ಣು ಕತ್ತಲೆ ಬರ್ತೈತೆ."

ಜ್ಯೋತಿಲಕ್ಷ್ಮಿ ಅವಳ ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನೇ ನೋಡಿದಳು. ಅದು ನಡುಗುತ್ತಿತ್ತು. ತಾನು ಹಾಕಿದ ಆ ಸರಿಯಾದ ಸಾಲು, ಯಾರಿಗೂ ಹೇಳದೆ ಬಂದು ಕೂತು, ಈ ಹೆಂಗಸಿಗೆ ಇನ್ನೊಂದು ಮಾತ್ರೆ ನುಂಗಿಸಿತ್ತು.

"ರಾತ್ರಿದು ಬ್ಯಾಡ ಅಕ್ಕ. ಇವತ್ತು ರಾತ್ರಿ ತಗೊಬೇಡ್ರಿ. ನಾಳೆ ಬೆಳಿಗ್ಗೆ ಡಾಕ್ಟ್ರ ಹತ್ರ ಹೋಗಿ, ಬಾಯಲ್ಲಿ ಕೇಳಿ, ಹಾಳೆ ಮೇಲೆ ಬರೆಸ್ಕೊಂಡು ಬರ್ರಿ."

ಮಮ್ತಾಜ್‌ಬಿ ಸೊಪ್ಪು ಕೆಳಗಿಟ್ಟಳು. ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಮಾಸಿದ ಚೂಡಿದಾರ, ಕೈಯಲ್ಲೊಂದು ಹಾಳೆ, ಕೊರಳಲ್ಲಿ ಗುರುತಿನ ಚೀಟಿಯೂ ಇಲ್ಲ.

"ಆಸ್ಪತ್ರೆಯೋಳಾ ನೀನು?"

"ಅಲ್ಲ."

"ನರ್ಸಾ?"

"ಅಲ್ಲಕ್ಕ."

"ಮತ್ತೆ ದೊಡ್ಡ ಆಸ್ಪತ್ರೆಯೋರು ಫೋನ್‌ಗೆ ಕಳಿಸಿದ್ದನ್ನ ಬಿಟ್ಟು ನಿನ್ ಮಾತು ಯಾಕ್ ನಂಬ್ಲಿ ನಾನು?"

ಹೇಳಲು ಅವಳ ಬಳಿ ಬೇರೆ ಯಾವ ಅಧಿಕಾರವೂ ಉಳಿದಿರಲಿಲ್ಲ.

"ಅದನ್ನ ತಪ್ಪು ಮಾಡಿದೋಳು ನಾನೇ ಅಕ್ಕ" ಎಂದಳು.

ಮಮ್ತಾಜ್‌ಬಿ ಎದ್ದು ಒಳಗೆ ಹೋದಳು. ಗೂಡಿನಿಂದ ಮಾತ್ರೆಯ ಹಾಳೆಗಳನ್ನೆಲ್ಲ ತಂದು ಹೊಸ್ತಿಲ ಮೇಲಿಟ್ಟಳು. "ರಾತ್ರಿ ಬಿಡ್ಬೇಕಾದ್ದು ಇದರಾಗೆ ಯಾವುದು ಅಂತ ತೋರ್ಸು" ಎಂದಳು.